ಕೆಚ್ಚಲು ಬಾವಿಗೆ ಕಿಣ್ವದ ನೆರವು: ಎಲ್ಲಿ ಬೇಕು, ಎಲ್ಲಿ ಬೇಡ

ದೇವಣಿ, ಉದಗೀರ, ನಿಲಂಗಾ, ಉಮರ್ಗಾ ಗಡಿಯ ಆಚೆ. ಔರಾದ, ಭಾಲ್ಕಿ, ಬಸವಕಲ್ಯಾಣ ಗಡಿಯ ಈಚೆ. ರಾಜ್ಯದ ಗೆರೆ ನಡುವೆ ಹಾದುಹೋಗಿದ್ದರೂ ದನಗಳ ಮಟ್ಟಿಗೆ ಇದು ಒಂದೇ ಸೀಮೆ. ಲಾತೂರ ಜಿಲ್ಲೆಯ ದೇವಣಿ ಊರಿನ ಹೆಸರನ್ನೇ ಹೊತ್ತ ತಳಿ ಇಲ್ಲಿಯದು. ಪೂರಾ ಬಿಳಿ ಮೈಯ ಬಾಳಂಕ್ಯಾ, ಬಿಳಿ ಮೈಗೆ ಅರೆಗಪ್ಪು ಮುಖದ ವಾನೇರಾ, ಕಪ್ಪು ಮಚ್ಚೆಗಳ ಶೇವೇರಾ ಎಂದು ಅದರಲ್ಲಿ ಮೂರು ಬಗೆ. ಎತ್ತು ಎರೆಹೊಲದ ದುಡಿಮೆಗೆ, ಆಕಳು ಮನೆಯ ಹಾಲಿಗೆ. ಒಂದು ಸೂಲಿಗೆ ಸುಮಾರು 900 ಲೀಟರಿನ ಆಚೀಚೆ ಹಾಲು ಕೊಡುವ ಈ ಆಕಳಿನ ಪಕ್ಕದಲ್ಲೇ ಈಗ ಎಮ್ಮೆಗಳು, ಮಿಶ್ರತಳಿ ಹಸುಗಳು ಹಾಲಿನ ವ್ಯಾಪಾರಕ್ಕಾಗಿ ನಿಂತಿವೆ. ಇವುಗಳಲ್ಲಿ ಯಾವುದಕ್ಕೇ ಕೆಚ್ಚಲು ಬಾವು ಬಂದರೂ ಬರೆಯುವ ಚೀಟಿ ನಾಡಿನ ಬೇರೆ ಕಡೆಗಳಂತೆ ಇಲ್ಲೂ ಸಾಮಾನ್ಯವಾಗಿ ಒಂದೇ ಥರ. ಮೊದಲ ಸಾಲಿನಲ್ಲಿ ಆಂಟಿಬಯೋಟಿಕ್ ಇಂಜೆಕ್ಷನ್ ಅಥವಾ ಮೊಲೆಯೊಳಗೆ ಬಿಡುವ ಟ್ಯೂಬು, ಎರಡನೆಯದರಲ್ಲಿ ಜ್ವರ, ನೋವು ಇಳಿಸುವ ಮದ್ದು, ಮೂರನೆಯದರಲ್ಲಿ ಬಾವು ಕರಗಿಸುತ್ತದೆಂದು ಹೇಳುವ ಕಿಣ್ವ. ಎಷ್ಟೋ ಸಲ ನೋವಿನ ಮದ್ದು, ಕಿಣ್ವ ಎರಡೂ ಒಂದೇ ದಪ್ಪ ಗುಳಿಗೆಯಲ್ಲಿ ಸೇರಿರುತ್ತವೆ. ಮೆಲಾಕ್ಸಿಕಾಮ್, ಪ್ಯಾರಾಸಿಟಮಾಲ್, ಸೆರಾಟಿಯೋಪೆಪ್ಟಿಡೇಸ್ ಎಂಬ ಮೂರು ಹೆಸರು ಅದರ ಕಾಗದದ ಮೇಲೆ ಅಚ್ಚಾಗಿರುತ್ತವೆ.

ಆ ಮೂರನೆಯ ಹೆಸರಿನಿಂದ ಆಕಳಿಗೆ ಏನಾದರೂ ಉಪಕಾರವಿದೆಯೇ ಎಂಬುದು ಹಾಲಿನ ಬಟವಾಡೆಯಿಂದಲೇ ಔಷಧಿಯ ಬಿಲ್ಲು ಕಟ್ಟುವ ಮನೆಗೆ ಸಣ್ಣ ಪ್ರಶ್ನೆಯಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಆಂಟಿಬಯೋಟಿಕ್‌ಗೆ ಕಿಣ್ವವನ್ನು ಜೊತೆ ಮಾಡುವ ವಿಚಾರ ಒಳ್ಳೆಯದು, ಅದರ ಹಿಂದೆ ಗಟ್ಟಿಯಾದ ವಿಜ್ಞಾನವಿದೆ. ಆದರೆ ಕಿಣ್ವ ಕೆಲಸ ಮಾಡುವುದು ಕೀವು, ಹೆಪ್ಪು ಇರುವ ಜಾಗಕ್ಕೇ ಅದು ತಲುಪಿದಾಗ ಮಾತ್ರ. ಬಾಯಿಯ ಮೂಲಕ ನುಂಗಿಸುವ ಕಿಣ್ವ ಮೆಲುಕು ಹಾಕುವ ಪ್ರಾಣಿಯ ಕೆಚ್ಚಲನ್ನು ತಲುಪುತ್ತದೆ ಎಂದು ನಂಬಲು ಆಧಾರ ತೀರ ತೆಳು. ಆ ಹಣವನ್ನು ಹಾಲಿನ ಪರೀಕ್ಷೆಗೆ ಹಾಕಿದರೆ ಆಕಳಿಗೂ ಒಳ್ಳೆಯದು, ಹಾಲು ಕುಡಿಯುವವರಿಗೂ ಒಳ್ಳೆಯದು.

ಕಿಣ್ವ ಮತ್ತು ಆಂಟಿಬಯೋಟಿಕ್‌ಗಳ ನಂಟು ಹಳೆಯದು. ಅಲೆಕ್ಸಾಂಡರ್ ಫ್ಲೆಮಿಂಗ್ 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಕೆಲವು ವರ್ಷ ಮೊದಲೇ, 1922ರಲ್ಲಿ, ಮೂಗಿನ ಸಿಂಬಳ, ಕಣ್ಣೀರು, ಮೊಟ್ಟೆಯ ಬಿಳಿಭಾಗಗಳಲ್ಲಿರುವ ಲೈಸೊಜೈಮ್ ಎಂಬ ಕಿಣ್ವ ಬ್ಯಾಕ್ಟೀರಿಯಾಗಳನ್ನು ಕರಗಿಸುತ್ತದೆಂದು ಅವರೇ ಲೋಕಕ್ಕೆ ತಿಳಿಸಿದ್ದರು. ಎರಡೂ ಬ್ಯಾಕ್ಟೀರಿಯಾದ ಹೊರಗೋಡೆಯ ಮೇಲೆಯೇ ಕೈಮಾಡುತ್ತವೆ. ಲೈಸೊಜೈಮ್ ಕಟ್ಟಿದ ಗೋಡೆಯನ್ನು ಕಡಿಯುತ್ತದೆ, ಪೆನಿಸಿಲಿನ್ ಹೊಸ ಗೋಡೆ ಕಟ್ಟಲು ಬಿಡುವುದಿಲ್ಲ. ತಾಯಿಯ ಎದೆಹಾಲಿನಲ್ಲಿ ಲೈಸೊಜೈಮ್ ಧಾರಾಳವಾಗಿದೆ. ಹಸುವಿನ ಹಾಲಿನಲ್ಲಿ ಅದರ ಸಾವಿರದ ಒಂದು ಪಾಲೂ ಇರುವುದಿಲ್ಲ. ಕಿಣ್ವಗಳೆಂದರೆ ಪ್ರೋಟೀನುಗಳು. ಪ್ರತಿಯೊಂದಕ್ಕೂ ಗೊತ್ತಾದ ಒಂದೇ ಕೆಲಸ. ಟ್ರಿಪ್ಸಿನ್, ಪಪ್ಪಾಯಿ ಹಾಲಿನಿಂದ ತೆಗೆಯುವ ಪಪೈನ್, ಸೆರಾಟಿಯೋಪೆಪ್ಟಿಡೇಸ್ ಇವೆಲ್ಲ ಪ್ರೋಟೀನು ಕತ್ತರಿಸುವ ಜಾತಿಯವು. ಡಿಎನ್‌ಏಸ್ ಎಂಬುದು ಡಿಎನ್‌ಎ ಎಳೆಗಳನ್ನು ಮಾತ್ರ ಕತ್ತರಿಸುತ್ತದೆ. ಕಾಲಜನೇಸ್ ಅಂಗಾಂಶಗಳನ್ನು ಬಿಗಿದಿಡುವ ಕಾಲಜನ್ ನಾರನ್ನು ಬಿಡಿಸುತ್ತದೆ. ಆದ್ದರಿಂದ "ಕಿಣ್ವ ಕೊಡೋಣ" ಎಂದಷ್ಟೇ ಹೇಳಿದರೆ ಏನನ್ನೂ ಹೇಳಿದಂತಾಗುವುದಿಲ್ಲ. ಯಾವ ಕಿಣ್ವ, ಯಾವುದನ್ನು ಕತ್ತರಿಸಲು, ಯಾವ ದಾರಿಯಿಂದ ಎಂಬುದಕ್ಕೆ ಉತ್ತರ ಬೇಕು.

ಆಂಟಿಬಯೋಟಿಕ್ ಕೆಚ್ಚಲಲ್ಲಿ ಸೋಲುವುದು ಏಕೆ ಎಂಬುದನ್ನು ನೋಡಿದರೆ ಉತ್ತರ ಸಿಗುತ್ತದೆ. ಹಾಲಿನ ಪರೀಕ್ಷೆಯೊಂದನ್ನು ಹತ್ತಿರದಿಂದ ನೋಡೋಣ. ಅಮೆರಿಕದ ಶಾಮ್ ಮತ್ತು ನೂರ್ಲ್ಯಾಂಡರ್ 1957ರಲ್ಲಿ ರೂಪಿಸಿದ ಇದಕ್ಕೆ ಕ್ಯಾಲಿಫೋರ್ನಿಯಾ ಮಾಸ್ಟೈಟಿಸ್ ಟೆಸ್ಟ್, ಚಿಕ್ಕದಾಗಿ ಸಿಎಂಟಿ ಎಂದು ಹೆಸರು. ಹಿಡಿಕೆ ಇರುವ ಪ್ಲಾಸ್ಟಿಕ್ ತಟ್ಟೆಯಲ್ಲಿ ನಾಲ್ಕು ಬಟ್ಟಲು, ಒಂದೊಂದು ಮೊಲೆಗೆ ಒಂದೊಂದು. ಒಂದೊಂದರಲ್ಲೂ ಚೂರು ಹಾಲು ಕರೆದು, ಅಷ್ಟೇ ಪ್ರಮಾಣದ ಸಾಬೂನು ಜಾತಿಯ ದ್ರಾವಣ ಹಾಕಿ, ತಟ್ಟೆಯನ್ನು ಮೆಲ್ಲಗೆ ಸುತ್ತಿಸಬೇಕು. ಆರೋಗ್ಯದ ಹಾಲು ನೀರಾಗಿಯೇ ಸುತ್ತುತ್ತದೆ. ಸೋಂಕಿದ ಮೊಲೆಯ ಹಾಲು ಕೆಲವೇ ಸೆಕೆಂಡುಗಳಲ್ಲಿ ಲೋಳೆಯಾಗಿ, ಬಟ್ಟಲಿನ ನಡುವೆ ಗುಪ್ಪೆಗಟ್ಟಿ, ಸುರಿದರೆ ಒಟ್ಟಿಗೇ ಜಾರಿ ಬೀಳುತ್ತದೆ. ಹೊರಗಿನಿಂದ ಹಾಲು ಬಿಳುಪಾಗಿ, ಕೆಚ್ಚಲು ಮೆತ್ತಗೆ ಇದ್ದಾಗಲೂ ಹೀಗಾಗಬಹುದು. ಆ ಲೋಳೆ ಸತ್ತ ಬಿಳಿರಕ್ತಕಣಗಳ ಡಿಎನ್‌ಎ. ಸೋಂಕಿನ ವಿರುದ್ಧ ಕೆಚ್ಚಲಿಗೆ ನುಗ್ಗಿ ಬಂದ ಕಣಗಳನ್ನು ದ್ರಾವಣ ಒಡೆದಾಗ ಒಳಗಿನ ಎಳೆಗಳು ಹೊರಬಂದು ಹೆಣೆದುಕೊಳ್ಳುತ್ತವೆ. ಕೀವು ಜಿಗುಟಾಗಿರುವುದಕ್ಕೂ ಬಹುಮಟ್ಟಿಗೆ ಇದೇ ಕಾರಣ. ಸತ್ತ ಕಣಗಳು, ಅವುಗಳ ಡಿಎನ್‌ಎ, ರಕ್ತದಿಂದ ಸೋರಿ ಬಂದ ಫೈಬ್ರಿನ್ ನಾರು, ಹಾಲಿನ ಹೆಪ್ಪು ಎಲ್ಲ ಕೂಡಿ ಸಣ್ಣ ಸಣ್ಣ ಹಾಲಿನ ನಾಳಗಳನ್ನು ಬಿರಡೆ ಹಾಕಿದಂತೆ ಮುಚ್ಚುತ್ತವೆ. ಮೊಲೆಯ ತುದಿಯಿಂದ ಬಿಟ್ಟ ಔಷಧಿ ಅಲ್ಲಿಂದ ಮುಂದೆ ಹೋಗುವುದಿಲ್ಲ.

ದೀರ್ಘಕಾಲದ ಕೆಚ್ಚಲು ಬಾವಿಗೆ ಹೆಸರಾದ ಸ್ಟೆಫೈಲೊಕಾಕಸ್ ಆರಿಯಸ್ ಎಂಬ ಬ್ಯಾಕ್ಟೀರಿಯಾಕ್ಕೆ ಇನ್ನೂ ಎರಡು ಅಡಗುತಾಣಗಳಿವೆ. ಕೆಚ್ಚಲ ಅಂಗಾಂಶದಲ್ಲಿ ಪುಟ್ಟ ಕುರುಗಳನ್ನು ಕಟ್ಟಿ, ಸುತ್ತ ನಾರಿನ ಗೋಡೆ ಎಬ್ಬಿಸಿಕೊಂಡು ಅದು ಒಳಗೆ ಕೂರುತ್ತದೆ. ಬಿಳಿರಕ್ತಕಣಗಳು ನುಂಗಿದರೂ ಅವುಗಳೊಳಗೇ ಬದುಕಿ ಉಳಿಯುತ್ತದೆ. ಜೊತೆಗೆ ಬಯೋಫಿಲ್ಮ್ ಎಂಬ ಲೋಳೆಯ ಹೊದಿಕೆಯನ್ನೂ ಹೊಸೆದುಕೊಳ್ಳುತ್ತದೆ. ನೀರಿನ ತೊಟ್ಟಿಯ ಒಳಮೈಗೆ ಅಂಟುವ ಪಾಚಿಯಂಥ ಲೋಳೆಯೂ ಇದೇ ಜಾತಿಯದು. ಈ ಹೊದಿಕೆಯೊಳಗಿನ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬಿಡಿಯಾಗಿ ತೇಲುವ ಬ್ಯಾಕ್ಟೀರಿಯಾಕ್ಕಿಂತ ಹತ್ತರಿಂದ ಸಾವಿರ ಪಟ್ಟು ಹೆಚ್ಚು ಔಷಧಿ ಬೇಕಾಗಬಹುದು. ಲ್ಯಾಬಿನ ವರದಿಯಲ್ಲಿ "ಈ ಔಷಧಿಗೆ ಬಗ್ಗುತ್ತದೆ" ಎಂದು ಬಂದಿದ್ದರೂ ಆಕಳಲ್ಲಿ ಗುಣ ಕಾಣದಿರುವುದಕ್ಕೆ ಇದು ಒಂದು ದೊಡ್ಡ ಕಾರಣ. ಔಷಧಿ ದುರ್ಬಲವಾಗಿಲ್ಲ, ದಾರಿ ಮುಚ್ಚಿದೆ. ಹಾಗಾದರೆ ದಾರಿ ಬಿಡಿಸಲು ಕಿಣ್ವವನ್ನು ಮುಂದೆ ಕಳಿಸಬಾರದೇಕೆ?

ಈ ಯೋಚನೆಗೆ ಎಪ್ಪತ್ತು ವರ್ಷಕ್ಕೂ ಮಿಕ್ಕಿದ ಇತಿಹಾಸವಿದೆ. ನ್ಯೂಯಾರ್ಕಿನ ವಿಲಿಯಂ ಟಿಲ್ಲೆಟ್ ಮತ್ತು ಸೋಲ್ ಶೆರಿ 1949ರಲ್ಲಿ, ಎದೆಗೂಡಿನಲ್ಲಿ ಗಟ್ಟಿ ಕೀವು, ಹೆಪ್ಪು ತುಂಬಿದ ರೋಗಿಗಳಿಗೆ ಸ್ಟ್ರೆಪ್ಟೊಕಾಕಸ್‌ನಿಂದ ಪಡೆದ ಕಿಣ್ವಗಳನ್ನು ಅದೇ ಜಾಗಕ್ಕೆ ಬಿಟ್ಟು ಕೀವನ್ನು ತೆಳುವಾಗಿಸಿದರು. ತೆಳುವಾದ ಕೀವನ್ನು ಹೊರತೆಗೆಯಲು ಸಾಧ್ಯವಾಯಿತು. ಪಶುವೈದ್ಯದಲ್ಲೂ ಅದೇ ದಾರಿ ಹಿಡಿದವರಿದ್ದಾರೆ. ಟ್ರಿಪ್ಸಿನ್, ಕೈಮೋಟ್ರಿಪ್ಸಿನ್, ಪಪೈನ್ ಮೂರನ್ನೂ ಕೂಡಿಸಿ ನೇರ ಮೊಲೆಯೊಳಗೆ ಬಿಡುವ ಟ್ಯೂಬು ಜರ್ಮನಿಯಲ್ಲಿ ತಯಾರಾಗುತ್ತದೆ. ಅದು ಆಂಟಿಬಯೋಟಿಕ್‌ಗೆ ಬದಲಿಯಾಗಿ ಬಂದದ್ದಲ್ಲ. ಹೆಪ್ಪು ಬಿಡಿಸಿ, ಕರೆದು ಖಾಲಿ ಮಾಡಲು ಅನುಕೂಲ ಮಾಡಿಕೊಡುವುದು ಅದರ ಕೆಲಸ. ಇಲ್ಲೊಂದು ತೊಡಕಿದೆ. ಟ್ರಿಪ್ಸಿನ್‌ಗೆ ಕೀವಿನ ಪ್ರೋಟೀನೂ ಒಂದೇ, ಹಾಲಿನ ಕೇಸೀನೂ ಒಂದೇ. ಹಾಲು ತುಂಬಿದ ಮೊಲೆಗೆ ಅದನ್ನು ಬಿಟ್ಟರೆ ಅದರ ಶಕ್ತಿಯೆಲ್ಲ ಹಾಲು ಕಡಿಯುವುದರಲ್ಲೇ ಮುಗಿಯುತ್ತದೆ. ಮೊದಲು ಮೊಲೆಯನ್ನು ಪೂರ್ತಿ ಕರೆದು ಬರಿದು ಮಾಡಬೇಕು. ನೋವಿರುವ ಕೆಚ್ಚಲನ್ನು ದಿನಕ್ಕೆ ಹಲವು ಸಲ ಕರೆದು ಖಾಲಿ ಮಾಡುವ ಬೇಸರದ ಕೆಲಸವನ್ನು ಯಾವ ಕಿಣ್ವವೂ ತಪ್ಪಿಸಲಾರದು.

ಇದಕ್ಕಿಂತ ಚುರುಕಾದ ಇನ್ನೊಂದು ಕಿಣ್ವ ಲೈಸೊಸ್ಟಾಫಿನ್. 1964ರಲ್ಲಿ ಗುರುತಿಸಿದ ಇದು ಒಂದು ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ತನ್ನದೇ ಕುಲದ ಬೇರೆ ಬ್ಯಾಕ್ಟೀರಿಯಾಗಳ ಗೋಡೆ ಮುರಿಯಲು ತಯಾರಿಸಿಕೊಂಡದ್ದು. ಪ್ರಯೋಗಾಲಯದಲ್ಲಿ ಪೆನಿಸಿಲಿನ್ ಗುಂಪಿನ ಔಷಧಿಗಳ ಜೊತೆ ಕೂಡಿಸಿದಾಗ ಎರಡೂ ಬಿಡಿಬಿಡಿಯಾಗಿ ಮಾಡಿದ್ದಕ್ಕಿಂತ ಹೆಚ್ಚಿನ ಕೆಲಸ ಮಾಡಿದವು. ಒಂದೇ ಗೋಡೆಯ ಮೇಲೆ ಎರಡು ಕಡೆಯಿಂದ ದಾಳಿಯಾದಾಗ ಹೀಗಾಗುವುದು ಸಹಜ. ಆದರೆ 1991ರಲ್ಲಿ ಇದನ್ನೇ ನೇರ ಕೆಚ್ಚಲಿಗೆ ಹಾಕಿ ನೋಡಿದಾಗ, ಬೇಕೆಂದೇ ಸೋಂಕು ತಗುಲಿಸಿದ ಹಸುಗಳಲ್ಲಿ ಅದು ಬಳಕೆಯಲ್ಲಿದ್ದ ಆಂಟಿಬಯೋಟಿಕ್‌ಗಳನ್ನು ಮೀರಿಸಲಿಲ್ಲ. 2005ರಲ್ಲಿ ಅಮೆರಿಕದ ಬೆಲ್ಟ್ಸ್‌ವಿಲ್‌ನ ಸರ್ಕಾರಿ ಸಂಶೋಧಕರು ಈ ಕಿಣ್ವವನ್ನು ಹಾಲಿನಲ್ಲೇ ಸ್ರವಿಸುವಂತೆ ಜರ್ಸಿ ಹಸುಗಳ ವಂಶವಾಹಿಯನ್ನು ತಿದ್ದಿದರು. ಬೇಕೆಂದೇ ಬ್ಯಾಕ್ಟೀರಿಯಾ ಹಾಕಿದಾಗ ಸಾಮಾನ್ಯ ಹಸುಗಳ ಮೊಲೆಗಳಲ್ಲಿ ನೂರಕ್ಕೆ 71 ಸೋಂಕಿದವು, ತಿದ್ದಿದ ಹಸುಗಳಲ್ಲಿ 14 ಮಾತ್ರ. ಈ ಎರಡು ಫಲಿತಾಂಶಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಬೇಕು. ಕಿಣ್ವ ಅದೇ, ಬ್ಯಾಕ್ಟೀರಿಯಾ ಅದೇ. ಮೊದಲಿನಿಂದಲೂ ಜಾಗದಲ್ಲಿ ಕಾವಲಿದ್ದಾಗ ಅದು ಸೋಂಕನ್ನು ತಡೆಯಿತು. ಸೋಂಕು ಬೇರೂರಿದ ಮೇಲೆ ಹೋದಾಗ ಬಡವಾಯಿತು. ನಮ್ಮ ಹಟ್ಟಿಗಳಿಗೆ ವಂಶವಾಹಿ ತಿದ್ದಿದ ಹಸು ಬರಲಿ ಎಂದು ನಾನು ಹೇಳುತ್ತಿಲ್ಲ. ಹೊತ್ತು ಮತ್ತು ಜಾಗ ಎಷ್ಟು ಮುಖ್ಯ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಕಂಡಿಲ್ಲ.

ಕರು ಹಾಕಿದ ಮೇಲೆ ಮಾಸು ಬೀಳದೆ ನಿಲ್ಲುವ ತೊಂದರೆಯಲ್ಲಿ ಕಿಣ್ವದ ವಿಚಾರ ಇನ್ನೂ ಕುತೂಹಲದ್ದು. ಸಾಮಾನ್ಯವಾಗಿ ಹನ್ನೆರಡು ಗಂಟೆಯೊಳಗೆ ಬೀಳಬೇಕಾದ ಮಾಸು, ಅಂದರೆ ಹಳ್ಳಿಯ ಮಾತಿನಲ್ಲಿ ಕಸ, ಒಂದು ದಿನ ಕಳೆದರೂ ನೇತಾಡುತ್ತಿದ್ದರೆ ಗರ್ಭಕೋಶ ಕೊಳೆಯುವ ಭಯ. ಗರ್ಭಕೋಶದ ಗುಬುಟುಗಳಿಗೆ ಮಾಸನ್ನು ಬಿಗಿದಿಡುವುದು ಕಾಲಜನ್ ನಾರು. ಹೆರಿಗೆಯ ಹೊತ್ತಿಗೆ ಆಕಳ ದೇಹವೇ ಕಾಲಜನೇಸ್ ಜಾತಿಯ ಕಿಣ್ವಗಳನ್ನು ಬಿಟ್ಟು ಆ ಗಂಟು ಸಡಿಲಿಸುತ್ತದೆ. ಆ ಕೆಲಸ ಸರಿಯಾಗಿ ನಡೆಯದಿದ್ದರೆ ಮಾಸು ನಿಲ್ಲುತ್ತದೆ. ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಐಲರ್ ಮತ್ತು ಹಾಪ್ಕಿನ್ಸ್ 1993ರಲ್ಲಿ ಪ್ರಕಟಿಸಿದ ಕೆಲಸದಲ್ಲಿ ಬ್ಯಾಕ್ಟೀರಿಯಾದಿಂದ ತೆಗೆದ ಕಾಲಜನೇಸನ್ನು ಹೊಕ್ಕುಳಬಳ್ಳಿಯ ರಕ್ತನಾಳದ ಮೂಲಕ ಮಾಸಿನೊಳಕ್ಕೇ ಹರಿಸಿ ಬಿಡಿಸಿದರು. ಕಿಣ್ವ ಎಲ್ಲಿ ಬೇಕೋ ಅಲ್ಲಿಗೇ ಹೋಯಿತು, ಏನನ್ನು ಕತ್ತರಿಸಬೇಕೋ ಅದನ್ನೇ ಕತ್ತರಿಸಿತು. ಬೆಲೆ ಹೆಚ್ಚಾದ್ದರಿಂದ ಈ ವಿಧಾನ ಹಟ್ಟಿಗಳಿಗೆ ಇಳಿದು ಬರಲಿಲ್ಲ, ಆದರೆ ಅದು ಕಲಿಸಿದ ಪಾಠ ದೊಡ್ಡದು. ಮಾಸು ನಿಂತ ಆಕಳಿಗೆ ನಮ್ಮಲ್ಲಿ ಗರ್ಭಕೋಶದೊಳಗೆ ಆಕ್ಸಿಟೆಟ್ರಾಸೈಕ್ಲಿನ್ ಹಾಕುವುದು ರೂಢಿ. ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಬ್ಯಾಕ್ಟೀರಿಯಾವನ್ನು ತಡೆಯುವುದರ ಜೊತೆಗೆ ಇದೇ ಕಾಲಜನ್ ಬಿಡಿಸುವ ಕಿಣ್ವಗಳನ್ನೂ ತಡೆಯುತ್ತವೆ. ಅಂದರೆ ಸೋಂಕು ಆಗದಿರಲಿ ಎಂದು ಹಾಕಿದ ಔಷಧಿ ಮಾಸು ಕಳಚುವುದನ್ನು ತಡಮಾಡುವ ಸಾಧ್ಯತೆ ಇದೆ. ಆಂಟಿಬಯೋಟಿಕ್ ಮತ್ತು ಕಿಣ್ವ ಎಂದೂ ಗೆಳೆಯರೇ ಎಂದು ತಿಳಿಯಬಾರದು. ಯಾವ ಎರಡನ್ನು ಕೂಡಿಸುತ್ತಿದ್ದೇವೆ ಎಂಬುದರ ಮೇಲೆ ಅವು ನೆರವಾಗಬಹುದು, ಒಂದನ್ನೊಂದು ಕಟ್ಟಿಹಾಕಲೂಬಹುದು. ಮಾಸು ನಿಂತಾಗ ಜ್ವರವಿದೆಯೇ, ಮೇವು ಬಿಟ್ಟಿದೆಯೇ ಎಂದು ನೋಡಿ ಆಮೇಲೆ ಔಷಧಿ ನಿರ್ಧರಿಸುವ ವೈದ್ಯರು ಹೆಚ್ಚುತ್ತಿರುವುದು ಇದೇ ತಿಳಿವಳಿಕೆಯಿಂದ.

ಇನ್ನು ಗುಳಿಗೆಯ ವಿಷಯ. ಸೆರಾಟಿಯೋಪೆಪ್ಟಿಡೇಸ್ ಜಪಾನಿನಲ್ಲಿ ರೇಷ್ಮೆಹುಳದ ಕರುಳಿನಲ್ಲಿದ್ದ ಬ್ಯಾಕ್ಟೀರಿಯಾದಿಂದ ಸಿಕ್ಕಿದ್ದು. ಅಲ್ಲಿನ ಟಕೇಡಾ ಕಂಪನಿ ಇದನ್ನು ಮನುಷ್ಯರಿಗೆ ಬಾವು ಇಳಿಸುವ ಮದ್ದಾಗಿ ದಶಕಗಳ ಕಾಲ ಮಾರಿತು. ಮತ್ತೆ ಪರೀಕ್ಷೆಗೆ ಒಡ್ಡಿದಾಗ ಹುಸಿ ಗುಳಿಗೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. 2011ರಲ್ಲಿ ಕಂಪನಿಯೇ ತಾನಾಗಿ ಅದನ್ನು ಜಪಾನಿನ ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಿತು. ಮನುಷ್ಯರ ಹೊಟ್ಟೆಯ ಕಥೆಯೇ ಹೀಗಾದರೆ ಆಕಳದು ಇನ್ನೂ ಕಷ್ಟ. ಕಿಣ್ವ ಹೊಟ್ಟೆಯ ಆಮ್ಲದಲ್ಲಿ ಹಾಳಾಗದಿರಲೆಂದು ಗುಳಿಗೆಗೆ ಒಂದು ಲೇಪ ಕೊಡುತ್ತಾರೆ. ಆಮ್ಲದಲ್ಲಿ ಗಟ್ಟಿ ನಿಂತು, ಆಮ್ಲ ಕಡಿಮೆಯಾದ ಕರುಳಿನಲ್ಲಿ ಕರಗುವುದು ಆ ಲೇಪದ ಗುಣ. ಆಕಳು, ಎಮ್ಮೆ, ಆಡುಗಳಲ್ಲಿ ಗುಳಿಗೆ ಮೊದಲು ಬೀಳುವುದು ಮೆಲುಕಿನ ದೊಡ್ಡ ಹೊಟ್ಟೆಗೆ. ಅಲ್ಲಿ ಆಮ್ಲ ತೀರ ಕಡಿಮೆ, ಪಿಎಚ್ 6ರಿಂದ 7ರ ಆಸುಪಾಸು. ಹಾಗಾಗಿ ಲೇಪ ಅಲ್ಲಿಯೇ ಕರಗುವ ಸಂಭವ ಹೆಚ್ಚು. ಒಳಗಿನ ಕಿಣ್ವವೂ ಒಂದು ಪ್ರೋಟೀನೇ. ಹಿಂಡಿಯ ಪ್ರೋಟೀನನ್ನು ಒಡೆದು ಬದುಕುವ ಕೋಟ್ಯಂತರ ಸೂಕ್ಷ್ಮಜೀವಿಗಳು ಅಲ್ಲಿ ಕಾದಿವೆ. ಅವುಗಳಿಂದ ತಪ್ಪಿಸಿಕೊಂಡು, ಮುಂದಿನ ನಿಜವಾದ ಆಮ್ಲದ ಹೊಟ್ಟೆಯನ್ನೂ ದಾಟಿ, ಕರುಳಿನ ಗೋಡೆಯಿಂದ ರಕ್ತಕ್ಕೆ ಸೇರಿ, ಕೆಚ್ಚಲಿಗೆ ಹೋಗಿ ಕೀವು ಕರಗಿಸಬೇಕು. ರಕ್ತದಲ್ಲೂ ಇಂಥ ಕಿಣ್ವಗಳನ್ನು ಹಿಡಿದು ಕಟ್ಟಿಹಾಕುವ ಪ್ರೋಟೀನುಗಳು ಇದ್ದೇ ಇವೆ, ಇಲ್ಲದಿದ್ದರೆ ನಮ್ಮದೇ ಕಿಣ್ವಗಳು ನಮ್ಮ ಅಂಗಾಂಶವನ್ನು ತಿನ್ನುತ್ತಿದ್ದವು. ಇಷ್ಟೆಲ್ಲ ಅಡೆತಡೆ ದಾಟಿ ಕೆಲಸ ಮಾಡುತ್ತದೆ ಎನ್ನುವವರೇ ಅದನ್ನು ತೋರಿಸಿಕೊಡಬೇಕು. ಹಣ ಕೊಡುವ ರೈತನ ಮೇಲೆ ಆ ಹೊಣೆ ಬೀಳಬಾರದು.

"ಗುಳಿಗೆ ಕೊಟ್ಟ ಮೇಲೆ ಬಾವು ಇಳಿದದ್ದನ್ನು ನಾವೇ ಕಣ್ಣಾರೆ ಕಂಡಿದ್ದೇವೆ" ಎಂಬ ಮಾತನ್ನು ವೈದ್ಯರೂ ಹೇಳುತ್ತಾರೆ, ರೈತರೂ ಹೇಳುತ್ತಾರೆ. ಅವರು ಕಂಡದ್ದು ಸುಳ್ಳಲ್ಲ. ಆದರೆ ಅದೇ ಗುಳಿಗೆಯಲ್ಲಿ ಮೆಲಾಕ್ಸಿಕಾಮ್ ಇತ್ತು; ಬಾವು, ನೋವು ಇಳಿಸುವುದರಲ್ಲಿ ಅದರ ಕೆಲಸ ಚೆನ್ನಾಗಿ ಸಾಬೀತಾಗಿದೆ. ಆಂಟಿಬಯೋಟಿಕ್ ಇತ್ತು. ಸೌಮ್ಯ ಬಗೆಯ ಸೋಂಕುಗಳು, ಅದರಲ್ಲೂ ಇ. ಕೋಲಿ ಬ್ಯಾಕ್ಟೀರಿಯಾದ ಕೆಲವು, ಆಕಳ ದೇಹವೇ ನಾಲ್ಕಾರು ದಿನದಲ್ಲಿ ತೊಳೆದು ಹಾಕುವಂಥವು. ಈ ನಾಲ್ವರ ನಡುವೆ ಕೀರ್ತಿ ಯಾರಿಗೆ ಸೇರಬೇಕೆಂದು ಒಂದೇ ಆಕಳನ್ನು ನೋಡಿ ಹೇಳಲಾಗದು. ಇನ್ನು ಕೆಲವರು, ಉಪಯೋಗವಾಗದಿದ್ದರೆ ಹೋಗಲಿ, ತೊಂದರೆಯಂತೂ ಇಲ್ಲವಲ್ಲ ಎನ್ನುತ್ತಾರೆ. ಇದನ್ನೂ ನಾನು ಒಪ್ಪುವುದಿಲ್ಲ. ಗಾಯಕ್ಕೆ ಹಚ್ಚುವ ಪಪೈನ್ ಮದ್ದುಗಳಿಂದ ಮನುಷ್ಯರಲ್ಲಿ ಗಂಭೀರ ಅಲರ್ಜಿ ಕಂಡುಬಂದು 2008ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಅವುಗಳ ಮಾರಾಟ ನಿಲ್ಲಿಸಲು ಹೇಳಿತು. ಕಿಣ್ವಗಳು ಸೆಕೆಗೆ ಬೇಗ ಕೆಡುವ ವಸ್ತುಗಳು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಲಾತೂರ, ಬೀದರಗಳ ಅಂಗಡಿಯ ಕಪಾಟಿನಲ್ಲಿ ಅವುಗಳ ಗತಿ ಏನೆಂದು ಯೋಚಿಸಬೇಕು. ಇವೆಲ್ಲಕ್ಕಿಂತ ದೊಡ್ಡ ಅಪಾಯ ಬೇರೆ ಇದೆ. ಬಾವು ಇಳಿದ ಕೂಡಲೇ ರೋಗ ಹೋಯಿತೆಂದು ಆಂಟಿಬಯೋಟಿಕನ್ನು ಅರ್ಧಕ್ಕೆ ನಿಲ್ಲಿಸುತ್ತಾರೆ. ಒಳಗಿನ ಕುರುವಿನಲ್ಲಿ ಉಳಿದ ಬ್ಯಾಕ್ಟೀರಿಯಾ ಆ ಔಷಧಿಗೆ ಪಳಗಿ ಮುಂದಿನ ಸೂಲಿಗೆ ಮತ್ತೆ ಎದ್ದು ಬರುತ್ತದೆ. ಕಡಿಮೆ ಪ್ರಮಾಣದ ಔಷಧಿ ಸೂಕ್ಷ್ಮಾಣುಗಳನ್ನು ಪಳಗಿಸುತ್ತದೆಂದು ಫ್ಲೆಮಿಂಗ್ 1945ರಲ್ಲೇ, ನೊಬೆಲ್ ಪ್ರಶಸ್ತಿಯ ಭಾಷಣದಲ್ಲೇ ಎಚ್ಚರಿಸಿದ್ದರು.

ಹಾಗೆ ಪಳಗಿದ ಬ್ಯಾಕ್ಟೀರಿಯಾದ ಕೈಯಲ್ಲಿರುವ ಆಯುಧವೂ ಕಿಣ್ವವೇ. ಪೆನಿಸಿಲಿನನ್ನು ಒಡೆದುಹಾಕುವ ಕಿಣ್ವವೊಂದು ಬ್ಯಾಕ್ಟೀರಿಯಾದಲ್ಲಿದೆ ಎಂದು ಅಬ್ರಹಾಂ ಮತ್ತು ಚೈನ್ 1940ರಲ್ಲೇ ಬರೆದರು. ಆಗಿನ್ನೂ ಪೆನಿಸಿಲಿನ್ ಆಸ್ಪತ್ರೆಗಳಿಗೆ ಬಂದಿರಲಿಲ್ಲ. ಇಂದಿನ ಚೀಟಿಗಳಲ್ಲಿ ಕಾಣುವ ಸಲ್ಬ್ಯಾಕ್ಟಮ್, ಟ್ಯಾಜೊಬ್ಯಾಕ್ಟಮ್ ಎಂಬವು ಆ ಕಿಣ್ವದ ಬಾಯಿ ಕಟ್ಟುವ ಔಷಧಿಗಳು. ಅಮಾಕ್ಸಿಸಿಲಿನ್, ಸೆಫ್ಟ್ರಯಾಕ್ಸೋನ್‌ಗಳ ಜೊತೆ ಅವನ್ನು ಕೂಡಿಸುವುದಕ್ಕೆ ಸ್ಪಷ್ಟ ಕಾರಣವಿದೆ, ಪುರಾವೆಯಿದೆ. ಆದರೆ ಸೆಫ್ಟ್ರಯಾಕ್ಸೋನ್ ಮನುಷ್ಯರ ಪ್ರಾಣ ಉಳಿಸುವ ಮುಖ್ಯ ಔಷಧಿಗಳಲ್ಲೊಂದು. ಪ್ರತಿ ಕೆಚ್ಚಲು ಬಾವಿಗೂ ಮೊದಲ ಏಟಿಗೇ ಅದನ್ನು ಬಳಸಿದರೆ ನಾಳೆ ಮನೆಯ ಮಗುವಿಗೆ ಅದು ಕೆಲಸ ಮಾಡದೆ ಹೋಗಬಹುದು. 2019ರ ಒಂದೇ ವರ್ಷ ಔಷಧಿಗೆ ಬಗ್ಗದ ಬ್ಯಾಕ್ಟೀರಿಯಾಗಳಿಂದಲೇ ಜಗತ್ತಿನಲ್ಲಿ ಸುಮಾರು 12.7 ಲಕ್ಷ ಜನ ಸತ್ತರೆಂದು ಲ್ಯಾನ್ಸೆಟ್ ಪತ್ರಿಕೆಯ ಅಧ್ಯಯನ ಲೆಕ್ಕ ಹಾಕಿದೆ. ಮನುಷ್ಯರಿಗೆ ಕೊನೆಯ ಆಸರೆಯಾದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿ, ಕೋಳಿಗಳಿಗೆ ಬಳಸುವುದನ್ನು ಭಾರತ ಅದೇ 2019ರಲ್ಲಿ ನಿಷೇಧಿಸಿತು. ಕೋಳಿ ಸಾಕಣೆಯಲ್ಲಿ ಕಿಣ್ವಕ್ಕೆ ಇನ್ನೊಂದು ಒಳ್ಳೆಯ ಪಾತ್ರವೂ ಇದೆ. ತೂಕ ಹೆಚ್ಚಿಸಲೆಂದು ಮೇವಿಗೆ ಆಂಟಿಬಯೋಟಿಕ್ ಬೆರೆಸುವುದನ್ನು ಯುರೋಪಿನ ಒಕ್ಕೂಟ 2006ರ ಜನವರಿ 1ರಿಂದ ನಿಲ್ಲಿಸಿದಾಗ ಫೈಟೇಸ್, ಕ್ಸೈಲನೇಸ್‌ನಂಥ ಕಿಣ್ವಗಳು ಕಾಳು ಚೆನ್ನಾಗಿ ಅರಗುವಂತೆ ಮಾಡಿ ಆ ಜಾಗವನ್ನು ಒಂದಿಷ್ಟು ತುಂಬಿದವು. ಅಲ್ಲಿ ಕಿಣ್ವಕ್ಕೆ ಹೊಟ್ಟೆಯೇ ಕೆಲಸದ ಜಾಗ. ಎಲ್ಲಿಗೂ ಪಯಣ ಮಾಡಬೇಕಾಗಿಲ್ಲ.

ದೇವಣಿಯಂಥ ನಾಡತಳಿಗೆ ಇದೆಲ್ಲ ಏಕೆ, ಕೆಚ್ಚಲು ಬಾವು ಬರುವುದು ಮಿಶ್ರತಳಿಗಲ್ಲವೇ ಎಂಬ ಮಾತೂ ಕೇಳಿಬರುತ್ತದೆ. ಹೆಚ್ಚು ಹಾಲಿನ ಮಿಶ್ರತಳಿಗೆ ಅದು ಹೆಚ್ಚು ಎಂಬುದು ನಿಜ. ಆದರೆ ಒಂದು ಸೂಲಿಗೆ 900 ಲೀಟರು ಕೊಡುವ ಆಕಳಲ್ಲಿ ಒಂದು ಮೊಲೆ ಬತ್ತಿದರೆ ಮನೆಯ ಲೆಕ್ಕ ಇನ್ನೂ ಬೇಗ ತಪ್ಪುತ್ತದೆ. ಅದರ ಕರು ಮುಂದೆ ಹೊಲಕ್ಕೆ ಹೋಗುವ ಎತ್ತು. ಅದಕ್ಕೂ ಅದೇ ಹಾಲು ಬೇಕು. ಅಗ್ಗದ ಮನೆಮದ್ದನ್ನು ಮುಂದಿಡುವವರೂ ಇದ್ದಾರೆ. ಲೋಳೆಸರ 250 ಗ್ರಾಂ, ಅರಿಸಿನ 50 ಗ್ರಾಂ, ಸುಣ್ಣ 15 ಗ್ರಾಂ ಅರೆದು ಕೆಚ್ಚಲಿಗೆ ಹೊರಗಿನಿಂದ ಹಚ್ಚುವ ವಿಧಾನವನ್ನು ರಾಷ್ಟ್ರೀಯ ಡೈರಿ ಅಭಿವೃದ್ಧಿ ಮಂಡಳಿ ಪ್ರಚಾರ ಮಾಡುತ್ತಿದೆ. ಸೌಮ್ಯ ಬಾವಿಗೆ, ಆರಂಭದ ಹಂತದಲ್ಲಿ, ಡಾಕ್ಟರ ಸಲಹೆಯೊಡನೆ ಅದನ್ನು ಮಾಡಲು ಅಡ್ಡಿಯಿಲ್ಲ. ಜ್ವರ ಬಂದು, ಮೇವು ಬಿಟ್ಟು, ಹಾಲು ನೀರಿನಂತಾಗಿ ರಕ್ತ ಬೆರೆತ ಆಕಳಿಗೆ ಅದನ್ನೇ ನೆಚ್ಚಿ ಕೂರುವುದು ಜೀವಕ್ಕೆ ಅಪಾಯ. ಬಾವು ಬಾರದಂತೆ ನೋಡಿಕೊಳ್ಳುವ ಶುಚಿಯ ಮಾತು ಹೇಳುವುದು ಸುಲಭ. ಆದರೆ 2016ರ ಬೇಸಿಗೆಯಲ್ಲಿ ಮಿರಜ್‌ನಿಂದ ರೈಲಿನಲ್ಲಿ ಕುಡಿಯುವ ನೀರು ತರಿಸಿಕೊಂಡ ಲಾತೂರ ಸೀಮೆಗೆ ಕೊಡಗಟ್ಟಲೆ ನೀರಲ್ಲಿ ಕೆಚ್ಚಲು ತೊಳೆಯಿರಿ ಎನ್ನುವುದು ನ್ಯಾಯವಲ್ಲ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣ ಬಟ್ಟೆಯಲ್ಲಿ ಆರಿಸಿ, ಕರೆದ ಮೇಲೆ ಮೊಲೆಯ ತುದಿಯನ್ನು ಅಯೋಡಿನ್ ದ್ರಾವಣದಲ್ಲಿ ಅದ್ದಿ, ಅರ್ಧ ಗಂಟೆ ಆಕಳನ್ನು ಮಲಗಗೊಡದೆ ಮೇವು ಹಾಕಿ ನಿಲ್ಲಿಸಿದರೆ ನೀರು ಕಡಿಮೆಯಿದ್ದರೂ ಅಷ್ಟೇ ಗುಣ ಸಿಗುತ್ತದೆ.

ಈ ಸೀಮೆಗೆ ಒಂದು ಅನುಕೂಲವಿದೆ. ಗಡಿಯ ಈಚೆ ಬೀದರದ ನಂದಿನಗರದಲ್ಲಿ ಕರ್ನಾಟಕ ಪಶುವೈದ್ಯಕೀಯ, ಪಶು ಮತ್ತು ಮೀನುಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯ, ಆಚೆ ಉದಗೀರದಲ್ಲಿ ಮಹಾರಾಷ್ಟ್ರದ ಪಶುವೈದ್ಯ ಕಾಲೇಜು. ದೇವಣಿ ತಳಿಯ ತವರಿನ ನಡುವೆಯೇ ಎರಡೂ ಇವೆ. ಕಿಣ್ವದ ಪ್ರಶ್ನೆಗೆ ಇಲ್ಲಿಯೇ ಉತ್ತರ ಹುಡುಕಬಹುದು. ಹಾಲಿನ ಕಲ್ಚರ್‌ನಲ್ಲಿ, ಅಂದರೆ ಹಾಲಿನಲ್ಲಿರುವ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ಗುರುತಿಸುವ ಪರೀಕ್ಷೆಯಲ್ಲಿ, ಸ್ಟೆಫೈಲೊಕಾಕಸ್ ಆರಿಯಸ್ ಖಚಿತವಾದ ಆಕಳು, ಎಮ್ಮೆಗಳನ್ನು ಆರಿಸಿಕೊಂಡು, ಚೀಟಿ ಎತ್ತಿ ಎರಡು ಗುಂಪು ಮಾಡಿ, ಎರಡಕ್ಕೂ ಅದೇ ಆಂಟಿಬಯೋಟಿಕ್ ಕೊಟ್ಟು, ಒಂದಕ್ಕೆ ಮಾತ್ರ ಮೊಲೆಯೊಳಗೆ ಕಿಣ್ವ ಬಿಟ್ಟು, ಎರಡು ಮೂರು ವಾರಗಳ ನಂತರ ಮತ್ತೆ ಹಾಲಿನ ಕಲ್ಚರ್ ಮಾಡಿದರೆ ಸಾಕು. ಬಾವು ಇಳಿಯಿತೇ ಎಂದಷ್ಟೇ ನೋಡದೆ ಬ್ಯಾಕ್ಟೀರಿಯಾ ಹೋಯಿತೇ ಎಂದು ನೋಡಬೇಕು. ಬಾಯಿಯ ಗುಳಿಗೆಯನ್ನೂ ಇದೇ ಒರೆಗೆ ಹಚ್ಚಬಹುದು. ಫಲಿತಾಂಶ ನನ್ನ ಅಭಿಪ್ರಾಯಕ್ಕೆ ಎದುರಾಗಿ ಬಂದರೆ ಸಂತೋಷದಿಂದ ತಿದ್ದಿಕೊಳ್ಳಬೇಕಾದ ವಿಷಯವೇ ಇದು, ಏಕೆಂದರೆ ಆಗ ಆಂಟಿಬಯೋಟಿಕ್ ಕಡಿಮೆ ಬಳಸುವ ಹೊಸ ದಾರಿಯೊಂದು ಸಿಕ್ಕಂತಾಗುತ್ತದೆ.

ಅಲ್ಲಿಯವರೆಗೆ ರೈತ ಬಂಧುಗಳಲ್ಲಿ ನನ್ನ ಕೋರಿಕೆ ಇಷ್ಟು. ಕೆಚ್ಚಲು ಬಾವು ಕಂಡಾಗ ಅಂಗಡಿಗೆ ಹೋಗಿ ಹಳೆಯ ಖಾಲಿ ಡಬ್ಬಿ ತೋರಿಸಿ ಔಷಧಿ ತರಬೇಡಿ. 1962ಕ್ಕೆ ಫೋನ್ ಮಾಡಿ ಅಥವಾ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. ಮದ್ದು ಹಾಕುವ ಮೊದಲೇ ಶುದ್ಧವಾದ ಸೀಸೆಯಲ್ಲಿ ಆ ಮೊಲೆಯ ಹಾಲು ಹಿಡಿದು ಪರೀಕ್ಷೆಗೆ ಕಳಿಸಲು ಡಾಕ್ಟರನ್ನು ಕೇಳಿ. ಚೀಟಿಯಲ್ಲಿ ಕಿಣ್ವ ಬರೆದಿದ್ದರೆ ಅದು ಯಾವ ದಾರಿಯಿಂದ ಕೆಚ್ಚಲಿಗೆ ತಲುಪುತ್ತದೆ ಎಂದು ವಿಚಾರಿಸಿ. ಕಿಣ್ವವನ್ನು ಆಂಟಿಬಯೋಟಿಕ್ ಜೊತೆ ಒಂದೇ ಸಿರಿಂಜಿನಲ್ಲಿ ನೀವಾಗಿಯೇ ಬೆರೆಸಬೇಡಿ. ಬಾವು ಇಳಿದರೂ ಡಾಕ್ಟರು ಹೇಳಿದಷ್ಟು ದಿನ ಆಂಟಿಬಯೋಟಿಕ್ ಮುಗಿಸಿ, ಔಷಧಿಯ ಕಾಗದದಲ್ಲಿ ಬರೆದಷ್ಟು ದಿನ ಆ ಆಕಳ ನಾಲ್ಕೂ ಮೊಲೆಯ ಹಾಲನ್ನು ಡೈರಿಗೆ ಹಾಕಬೇಡಿ, ಮನೆಯ ಮಕ್ಕಳಿಗೂ ಕೊಡಬೇಡಿ. ಔಷಧಿ ಬೆರೆತ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಕೂಡ ಸರಿಯಾಗಿ ಆಗುವುದಿಲ್ಲ.